ಡ್ರಿಫ್ಟ್ ಕಾರಿಗೆ ಎಂಜಿನ್ ಸ್ವಾಪ್: ತೂಕದ ಬಗ್ಗೆ ಪದೇ ಪದೇ ಕೇಳೋ ಪ್ರಶ್ನೆಗಳು

ಫೋನಲ್ಲಿ, ಮೆಸೇಜಲ್ಲಿ, ಗ್ಯಾರೇಜ್ ಮುಂದೆ ಟೀ ಕುಡಿಯೋವಾಗ ತಿರುಗಿ ತಿರುಗಿ ಬರೋ ಪ್ರಶ್ನೆಗಳನ್ನ ಒಂದು ಕಡೆ ಹಾಕಿದೀನಿ. ಡ್ರಿಫ್ಟ್ ಅಂದ್ರೆ ಹಿಂದಿನ ಚಕ್ರ ಜಾರಿಸ್ಕೊಂಡು ಗಾಡಿನ ಅಡ್ಡಡ್ಡ ಓಡ್ಸೋದು, ಸ್ವಾಪ್ ಅಂದ್ರೆ ಇರೋ ಎಂಜಿನ್ ತೆಗೆದು ಬೇರೆ ಎಂಜಿನ್ ಹಾಕೋದು. ಕೇಳೋರಲ್ಲಿ ಬೆಂಗಳೂರು ಮೈಸೂರು ಹುಡುಗ್ರೂ ಇದಾರೆ, ದುಬೈ ಶಾರ್ಜಾದಲ್ಲಿ ಕೆಲಸದಲ್ಲಿರೋ ಮಂಗಳೂರು ಉಡುಪಿ ಕಡೆಯವರೂ ಇದಾರೆ. ಉದಾಹರಣೆಗೆ ಹೆಚ್ಚಾಗಿ ನಿಸ್ಸಾನ್ ಸಿಲ್ವಿಯಾನೇ ತಗೊಂಡಿದೀನಿ, ಅದರ ಎಸ್13, ಎಸ್14, ಎಸ್15 ತಲೆಮಾರುಗಳು, ಯಾಕಂದ್ರೆ ಆ ಗಾಡಿಗೆ ಜನ ಹಾಕದೇ ಇರೋ ಎಂಜಿನ್ನೇ ಇಲ್ಲ. ಪ್ರಶ್ನೆಗಳನ್ನ ಕೇಳಿದವರ ಮಾತಲ್ಲೇ ಬಿಟ್ಟಿದೀನಿ.

## ಶುರು ಮಾಡೋರಿಗೆ

ಸ್ವಾಪ್ ಮಾಡ್ಲೇಬೇಕಾ ಅಣ್ಣಾ, ಇರೋ ಎಂಜಿನ್ನಲ್ಲೇ ಕಲಿಯೋಕಾಗಲ್ವಾ?

ಧಾರಾಳವಾಗಿ ಕಲೀಬಹುದು. ಸಿಲ್ವಿಯಾದ ಎಸ್ಆರ್20ಡಿಇಟಿ ಅನ್ನೋ ನಾಲ್ಕು ಸಿಲಿಂಡರ್ ಟರ್ಬೋ ಎಂಜಿನ್ ಕಂಪನಿಯಿಂದ ಬರ್ತಾನೇ ಎಸ್13ರಲ್ಲಿ 205, ಎಸ್15ರಲ್ಲಿ 250 ಪಿಎಸ್ (ಹೆಚ್ಚುಕಮ್ಮಿ ಹಾರ್ಸ್‌ಪವರ್ರೇ) ಕೊಡುತ್ತೆ, ಸಾವಿರದ ಇನ್ನೂರು ಕೆಜಿ ಗಾಡಿಗೆ ಅದು ಬೇಕಾದಷ್ಟಾಯ್ತು. ಬಿಎಂಡಬ್ಲ್ಯು ಇ36ರಲ್ಲಿ ಬರೋ ಆರು ಸಿಲಿಂಡರ್ ಎಂಜಿನ್ನಲ್ಲೂ ಹಿಂದಿನ ಟೈರು ಆರಾಮಾಗಿ ಬಿಡುತ್ತೆ. ಶುರುನಲ್ಲಿ ಪವರ್ ಕಮ್ಮಿ ಇದ್ರೇ ಒಳ್ಳೇದು, ಕ್ಲಚ್ ಕಿಕ್ (ಕ್ಲಚ್ ಗಕ್ಕನೆ ತುಳಿದು ಬಿಟ್ಟು ಹಿಂದಿನ ಟೈರ್ ಜಾರಿಸೋದು), ಹ್ಯಾಂಡ್‌ಬ್ರೇಕು, ಭಾರ ಆ ಕಡೆಯಿಂದ ಈ ಕಡೆಗೆ ಎಸೆಯೋದು ಎಲ್ಲಾ ಸರಿಯಾಗಿ ಬರುತ್ತೆ, ಇಲ್ಲಾಂದ್ರೆ ಆಕ್ಸಿಲರೇಟರ್ ತುಳಿದು ತಪ್ಪು ಮುಚ್ಚಿಕೊಳ್ಳೋ ಅಭ್ಯಾಸ ಆಗೋಗತ್ತೆ. ಸ್ವಾಪ್ ಯೋಚನೆ ಬರಬೇಕಾದ್ದು ಎರಡೇ ಸಂದರ್ಭದಲ್ಲಿ: ಇರೋ ಎಂಜಿನ್ ಸತ್ತೋಗಿದೆ, ರಿಪೇರಿಗಿಂತ ಬೇರೆದು ಹಾಕೋದೇ ಅಗ್ಗ, ಇಲ್ಲಾ ಮೂರನೇ ಗೇರಲ್ಲಿ, ನಾಲ್ಕನೇ ಗೇರಲ್ಲಿ ಉದ್ದದ ಕಾರ್ನರ್ ಪೂರ್ತಿ ಜಾರಿಸಿಕೊಂಡು ಹೋಗೋಕೆ ಟಾರ್ಕ್ ನಿಜವಾಗ್ಲೂ ಸಾಲ್ತಿಲ್ಲ.

50:50 ಇಲ್ದಿದ್ರೆ ಗಾಡಿ ಡ್ರಿಫ್ಟ್‌ಗೆ ಲಾಯಕ್ಕಿಲ್ಲ ಅಂತಾರಲ್ಲ, ಹೌದಾ?

ಇಲ್ಲ. 50:50 ಅಂದ್ರೆ ಗಾಡಿ ತೂಕದಲ್ಲಿ ಅರ್ಧ ಮುಂದಿನ ಚಕ್ರಗಳ ಮೇಲೆ, ಅರ್ಧ ಹಿಂದಿನ ಚಕ್ರಗಳ ಮೇಲೆ. ಎಂಜಿನ್ ಮುಂದಿರೋ ಎಷ್ಟೋ ಒಳ್ಳೇ ಡ್ರಿಫ್ಟ್ ಗಾಡಿಗಳು ಮುಂದೆ 53, 54, 55 ಪರ್ಸೆಂಟ್ ಇಟ್ಕೊಂಡೇ ಓಡ್ತಿವೆ. 50:50 ಅನ್ನೋದು ಗಾಡಿ ನಿಂತಿರೋವಾಗ ತಕ್ಕಡಿ ಮೇಲೆ ಬರೋ ನಂಬರ್ ಅಷ್ಟೇ, ಬ್ರೇಕ್ ತುಳಿದ ತಕ್ಷಣ, ಗ್ಯಾಸ್ ಕೊಟ್ಟ ತಕ್ಷಣ ಅದು ಬದಲಾಗ್ತಾನೇ ಇರುತ್ತೆ. ಆದ್ರೆ ಆ ನಂಬರ್ ಲೆಕ್ಕಕ್ಕೇ ಇಲ್ಲ ಅಂತಲೂ ಅಲ್ಲ. ಮುಂದೆ 58 ದಾಟಿದ್ರೆ ಡ್ರೈವರ್‌ಗೆ ಸ್ಟೀರಿಂಗಲ್ಲೇ ಗೊತ್ತಾಗುತ್ತೆ, ಆಮೇಲೆ ಸ್ಪ್ರಿಂಗು ಟೈರು ಅಲೈನ್‌ಮೆಂಟು ಅಂತ ಅದನ್ನ ಮುಚ್ಚೋಕೆ ದುಡ್ಡು ಸುರೀತಾ ಹೋಗ್ಬೇಕಾಗುತ್ತೆ.

ಮುಂದೆ ಭಾರ ಜಾಸ್ತಿ ಆದ್ರೆ ಓಡ್ಸೋವಾಗ ಏನಾಗುತ್ತೆ, ಪ್ರಾಕ್ಟಿಕಲ್ ಆಗಿ ಹೇಳಿ

ಮೊದಲು ಗೊತ್ತಾಗೋದು ಗಾಡಿನ ಕಾರ್ನರ್ ಒಳಗೆ ಎಸೆಯೋವಾಗ. ಸ್ಟೀರಿಂಗ್ ತಿರುಗಿಸ್ತೀರಿ, ಮೂತಿ ಇನ್ನೂ ಸ್ವಲ್ಪ ದೂರ ನೇರಕ್ಕೇ ಹೋಗಿ ಆಮೇಲೆ ತಿರುಗತ್ತೆ. ಎಡದಿಂದ ಬಲಕ್ಕೆ ಬದಲಾಯಿಸೋವಾಗ ಇನ್ನೂ ಚೆನ್ನಾಗಿ ಗೊತ್ತಾಗುತ್ತೆ, ಹಿಂಭಾಗ ಬಂದಾಯ್ತು ಆದ್ರೆ ಮೂತಿ ಇನ್ನೂ ಹಳೇ ದಿಕ್ಕಲ್ಲೇ ತೂಗಾಡ್ತಿರುತ್ತೆ, ಆ ಒಂದು ಕ್ಷಣ ತಡ ಆಗೋದ್ರಿಂದಾನೇ ಜೋಡಿ ಓಟದಲ್ಲಿ ಮುಂದಿನ ಗಾಡಿಯಿಂದ ದೂರ ಉಳಿಯೋದು. ಮುಂದಿನ ಟೈರಿನ ಹೊರಗಿನ ಅಂಚು ಬೇಗ ತಿಂದೋಗತ್ತೆ. ಇನ್ನೊಂದು ವಿಷ್ಯ ಜನ ಗಮನಿಸಲ್ಲ, ಹಿಂದಿನ ಟೈರ್ ಮೇಲೆ ಭಾರ ಕಮ್ಮಿ ಇದ್ರೆ ಹೊಗೆ ಚೆನ್ನಾಗಿ ಬರುತ್ತೆ ಗಾಡಿ ಮಾತ್ರ ಮುಂದೆ ಹೋಗಲ್ಲ. ಈಗಿನ ಡ್ರಿಫ್ಟ್ ಅಂದ್ರೆ ಹಿಂದೆ ಗ್ರಿಪ್ ಇಟ್ಕೊಂಡು, ಆ ಗ್ರಿಪ್ಪನ್ನ ಪವರಲ್ಲಿ ಮುರಿಯೋದು, ಅದಕ್ಕೇ ದೊಡ್ಡ ಟೀಮ್‌ಗಳು ಹಿಂದೆ ಭಾರ ಹಾಕೋಕೆ ಅಷ್ಟು ಒದ್ದಾಡೋದು.

ಒಬ್ರು ಎಲ್ಎಸ್ 180 ಕೆಜಿ ಅಂತಾರೆ ಇನ್ನೊಬ್ರು 230 ಅಂತಾರೆ, ಯಾರನ್ನ ನಂಬೋದು?

ಎಲ್ಎಸ್ ಅಂದ್ರೆ ಅಮೆರಿಕಾದ ಜಿಎಂ ಕಂಪನಿಯ ವಿ8, ಎಂಟು ಸಿಲಿಂಡರಿನ ಎಂಜಿನ್ ಕುಟುಂಬ. ಇಬ್ರೂ ನಿಜಾನೇ ಹೇಳ್ತಿರಬಹುದು. ಒಬ್ರು ಆಲ್ಟರ್ನೇಟರ್, ಸ್ಟಾರ್ಟರ್, ಫ್ಲೈವ್ಹೀಲ್, ಎಣ್ಣೆ ಏನೂ ಇಲ್ದಿರೋ ಬರೀ ಎಂಜಿನ್ ತೂಗಿರ್ತಾರೆ, ಇನ್ನೊಬ್ರು ಎಲ್ಲಾ ತೊಡಿಸಿ ತೂಗಿರ್ತಾರೆ. ಟರ್ಬೋ ಎಂಜಿನ್ ಆದ್ರೆ ಇನ್ನೂ ಗೋಜಲು, ಟರ್ಬೋ, ಬೀಡಿನ (ಕಾಸ್ಟ್ ಐರನ್) ಮ್ಯಾನಿಫೋಲ್ಡು, ಟರ್ಬೋ ಗಾಳಿ ತಣ್ಣಗೆ ಮಾಡೋ ಇಂಟರ್‌ಕೂಲರ್, ಅದರ ಪೈಪು ಇಷ್ಟನ್ನ ಯಾರೂ ಎಂಜಿನ್ ತೂಕದಲ್ಲಿ ಸೇರ್ಸಲ್ಲ, ಆದ್ರೆ ಗಾಡಿಗೆ ಅದನ್ನೂ ಹೊರಲೇಬೇಕಲ್ಲ. ಅದ್ರಲ್ಲೂ ಇಂಟರ್‌ಕೂಲರ್ ಕೂರೋದು ಬಂಪರ್ ಹಿಂದೆ, ತೂಕಕ್ಕೆ ಅದಕ್ಕಿಂತ ಕೆಟ್ಟ ಜಾಗ ಗಾಡಿಯಲ್ಲೇ ಇಲ್ಲ. ಸುಲಭ ದಾರಿ ಒಂದೇ: ಎಂಜಿನ್ ಕ್ರೇನಿಗೂ ಎಂಜಿನ್ನಿಗೂ ಮಧ್ಯ ಒಂದು ನೇತಾಡೋ ತಕ್ಕಡಿ ಸಿಗಿಸಿ, ಹಳೇದು ಇಳಿಸೋವಾಗ ಒಂದ್ಸಲ, ಹೊಸದು ಎತ್ತೋವಾಗ ಒಂದ್ಸಲ ನೋಡಿ ಬರ್ಕೊಳ್ಳಿ. ಎರಡೂ ಒಂದೇ ಸ್ಥಿತಿಯಲ್ಲಿರಬೇಕು, ಒಂದರಲ್ಲಿ ಗೇರ್‌ಬಾಕ್ಸ್ ಇದ್ದು ಇನ್ನೊಂದರಲ್ಲಿ ಇಲ್ದಿದ್ರೆ ಆ ಲೆಕ್ಕ ಕಸ.

ಇಂಡಿಯಾದಲ್ಲಿ ಇದೆಲ್ಲಾ ಲೀಗಲ್ಲಾ ಸರ್?

ರಸ್ತೇಲಿ ಓಡ್ಸೋ ಗಾಡಿಗೆ ಇಲ್ಲ ಅಂತ್ಲೇ ಅಂದ್ಕೊಳ್ಳಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ವಿವರಕ್ಕೂ ಗಾಡಿಗೂ ವ್ಯತ್ಯಾಸ ಬರೋ ಹಾಗೆ ಬದಲಾಯಿಸೋ ಹಾಗಿಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಗಟ್ಟಿಯಾಗಿ ಹೇಳಿದೆ. ನಾಲ್ಕು ಸಿಲಿಂಡರ್ ಗಾಡಿಗೆ ವಿ8 ಹಾಕಿ ಆರ್‌ಟಿಒ ಮುಂದೆ ನಿಂತ್ರೆ ಏನಾಗುತ್ತೆ ಅಂತ ನಾನು ಹೇಳ್ಬೇಕಾಗಿಲ್ಲ. ಮಾಡೋದಾದ್ರೆ ಟ್ರ್ಯಾಕಿಗೆ ಅಂತಾನೇ ಮೀಸಲಿಟ್ಟ ಗಾಡಿ ಮಾಡಿ, ಫ್ಲ್ಯಾಟ್‌ಬೆಡ್ ಮೇಲೆ ಹೇರ್ಕೊಂಡು ಕೊಯಮತ್ತೂರಿನ ಕರಿ ಟ್ರ್ಯಾಕಿಗೋ ಚೆನ್ನೈ ಹತ್ರದ ಇರುಂಗಾಟುಕೋಟೈಗೋ ಅನುಮತಿ ಇರೋ ದಿನ ಹೋಗಿ. ನೈಸ್ ರೋಡಲ್ಲಿ ರಾತ್ರಿ ಹನ್ನೆರಡಕ್ಕೆ ಟ್ರೈ ಮಾಡ್ತೀನಿ ಅನ್ನೋರು ಈ ಪುಟ ಇಲ್ಲಿಗೇ ಮುಚ್ಚಬಹುದು.

## ಯಾವ ಎಂಜಿನ್

ಎಸ್14ಗೆ ಎಲ್ಎಸ್ ಹಾಕ್ಲಾ 2ಜೆಝಡ್ ಹಾಕ್ಲಾ? ಒಂದೇ ಮಾತಲ್ಲಿ ಹೇಳಿ

ತೂಕ ಮಾತ್ರ ನೋಡೋದಾದ್ರೆ ಅಲ್ಯೂಮಿನಿಯಂ ಬ್ಲಾಕ್ ಇರೋ ಎಲ್ಎಸ್.

ಒಂದೇ ಮಾತು ಕೇಳಿದ್ರಿ, ಹೇಳ್ದೆ, ಈಗ ಯಾಕೆ ಅಂತ ಕೇಳಿ. 2ಜೆಝಡ್‌-ಜಿಟಿಇ ಅಂದ್ರೆ ಟೊಯೋಟ ಸುಪ್ರಾದ ಟರ್ಬೋ ಎಂಜಿನ್, ಮೂರು ಲೀಟರ್, ಆರು ಸಿಲಿಂಡರ್ ಒಂದರ ಹಿಂದೊಂದು ಸಾಲಾಗಿ, ಬ್ಲಾಕ್ ಬೀಡಿನದ್ದು ಅಂದ್ರೆ ಕಾಸ್ಟ್ ಐರನ್. ಅದರ ಗಟ್ಟಿತನವೇ ಅದರ ಹೆಸರು, ಒಳಗಿನ ಭಾಗ ಮುಟ್ಟದೇನೇ ಕಂಪನಿ ಹೇಳಿದ 280 ಪಿಎಸ್‌ನ ಎರಡರಷ್ಟು ತಗೊಂಡೋರು ಬೇಕಾದಷ್ಟು ಜನ ಇದಾರೆ. ಆದ್ರೆ ಉದ್ದ ಇದೆ, ಎತ್ತರ ಇದೆ. ನಾಲ್ಕು ಸಿಲಿಂಡರಿಗೆ ಅಂತ ಮಾಡಿರೋ ಸಿಲ್ವಿಯಾ ಬಾನೆಟ್ ಒಳಗೆ ಅದನ್ನ ಕೂರ್ಸಿದ್ರೆ ಮುಂದಿನ ಸಿಲಿಂಡರ್‌ಗಳು ಮುಂದಿನ ಚಕ್ರದ ಗೆರೆ ದಾಟಿ ರೇಡಿಯೇಟರಿಗೆ ಮುತ್ತು ಕೊಡೋ ಹಾಗೆ ನಿಲ್ತವೆ. ಎಲ್ಎಸ್ ಉದ್ದದಲ್ಲಿ ಗಿಡ್ಡ, ವಾಲ್ವ್ ತೆರೆಯೋ ಕ್ಯಾಮ್‌ಶಾಫ್ಟ್ ಬ್ಲಾಕ್ ಒಳಗೇ ಇರೋದ್ರಿಂದ ಮೇಲಿನ ಹೆಡ್ಡು ಪುಟ್ಟದು, ಹಾಗಾಗಿ ಭಾರ ಕೆಳಗೂ ಹಿಂದಕ್ಕೂ ಕೂರುತ್ತೆ. ಟರ್ಬೋ ಇಲ್ಲ, ಇಂಟರ್‌ಕೂಲರ್ ಇಲ್ಲ, ಮೂತಿ ತುದಿಯ ಭಾರ ಅಷ್ಟಕ್ಕಷ್ಟೇ ಉಳಿಯುತ್ತೆ. ಎಲ್ಎಸ್3 ಅಂದ್ರೆ 6.2 ಲೀಟರ್, ಕಂಪನಿ ಲೆಕ್ಕದಲ್ಲೇ 430 ಹಾರ್ಸ್‌ಪವರ್, ಪೆಡಲ್ ತುಳಿದ ಕೂಡ್ಲೇ ಟಾರ್ಕ್.

ಹಾಗಂತ 2ಜೆಝಡ್ ಬೇಡ ಅಂತಲ್ಲ. ಐರ್ಲೆಂಡಿನ ಡ್ರೈವರ್ ಜೇಮ್ಸ್ ಡೀನ್ 2017, 2018, 2019 ಮೂರು ವರ್ಷ ಸಾಲಾಗಿ ಅಮೆರಿಕಾದ ಫಾರ್ಮುಲಾ ಡ್ರಿಫ್ಟ್ ಚಾಂಪಿಯನ್‌ಶಿಪ್ ಗೆದ್ದಿದ್ದು 2ಜೆಝಡ್ ಹಾಕಿದ ಎಸ್15ರಲ್ಲೇ. ಅಂದ್ರೆ ಭಾರದ ಎಂಜಿನ್ನಿಂದ ಗೆಲ್ಲೋಕಾಗಲ್ಲ ಅನ್ನೋ ಮಾತು ಸುಳ್ಳು, ಆದ್ರೆ ಆ ಗಾಡೀಲಿ ಉಳಿದ ಪ್ರತಿ ವಸ್ತು ಎಲ್ಲಿ ಕೂರಬೇಕು ಅಂತ ಲೆಕ್ಕ ಹಾಕಿ ಕೂರ್ಸಿದ್ರು ಅನ್ನೋದನ್ನ ಮರೀಬೇಡಿ.

ವಿ8 ಅಂದ್ಮೇಲೆ ಭಾರ ಇರ್ಲೇಬೇಕಲ್ವಾ?

ಈ ಪ್ರಶ್ನೆ ನಿಲ್ಲೋದೇ ಇಲ್ಲ. ಸಿಲಿಂಡರ್ ಎಷ್ಟು ಅನ್ನೋದಕ್ಕಿಂತ ಬ್ಲಾಕ್ ಯಾವ ಲೋಹ, ಮೇಲೆ ಎಷ್ಟು ಕ್ಯಾಮ್‌ಶಾಫ್ಟ್ ಅನ್ನೋದು ತೂಕ ತೀರ್ಮಾನ ಮಾಡುತ್ತೆ. ಅಮೆರಿಕಾದ 240ಎಸ್‌ಎಕ್ಸ್ ಅಂದ್ರೆ ಇದೇ ಸಿಲ್ವಿಯಾ ಮೈಕಟ್ಟು, ಅದರಲ್ಲಿ ಬರ್ತಿದ್ದ ಕೆಎ24 ನಾಲ್ಕೇ ಸಿಲಿಂಡರ್ ಆದ್ರೆ ಬೀಡಿನ ಬ್ಲಾಕು. ಅದನ್ನ ತೆಗೆದು ಅಲ್ಯೂಮಿನಿಯಂ ಎಲ್ಎಸ್1 ಹಾಕಿದ್ರೆ ವ್ಯತ್ಯಾಸ ಜನ ಹೆದರೋವಷ್ಟು ಬರಲ್ಲ. ಟೊಯೋಟದ 1ಯುಝಡ್ ಕೂಡ ಅದೇ ಸಾಲಿಗೆ ಸೇರುತ್ತೆ, 1989ರ ಲೆಕ್ಸಸ್ ಎಲ್ಎಸ್400ಗೆ ಬಂದ ನಾಲ್ಕು ಲೀಟರಿನ ಪೂರ್ತಿ ಅಲ್ಯೂಮಿನಿಯಂ ವಿ8.

ಟ್ರಕ್ಕಿನ ಎಲ್ಎಸ್ ಅರ್ಧ ರೇಟಿಗೆ ಸಿಗ್ತಿದೆ, ತಗೊಳ್ಲಾ?

ಮೊದಲು ಬ್ಲಾಕಿಗೆ ಮ್ಯಾಗ್ನೆಟ್ ಹಿಡಿದು ನೋಡಿ. ಅಂಟ್ಕೊಂಡ್ರೆ ಬೀಡು. ಟ್ರಕ್ಕಲ್ಲಿ ಬರೋ ಎಲ್‌ಕ್ಯು4 ತರದ 6.0 ಲೀಟರ್ ಬ್ಲಾಕುಗಳು ಬೀಡಿನವು, ಅಲ್ಯೂಮಿನಿಯಂ ಅಣ್ಣತಮ್ಮಂದಿರಿಗಿಂತ ಹೆಚ್ಚುಕಮ್ಮಿ 40 ಕೆಜಿ ಭಾರ. ಟರ್ಬೋ ಹಾಕಿ ಬೂಸ್ಟ್ ಏರಿಸೋ ಪ್ಲಾನ್ ಇದ್ರೆ ಆ ಬೀಡು ಉಪಯೋಗಕ್ಕೆ ಬರುತ್ತೆ, ಟರ್ಬೋ ಇಲ್ದೆ ಓಡ್ಸೋದಾದ್ರೆ ಸುಮ್ನೆ 40 ಕೆಜಿ ಮೂತಿ ಮೇಲೆ ಹೊತ್ಕೊಂಡು ತಿರುಗಿದ ಹಾಗೆ. ಇನ್ನೊಂದು, ಟ್ರಕ್ಕಿನ ಎಣ್ಣೆ ಸಂಪ್, ಅಂದ್ರೆ ಎಂಜಿನ್ ಅಡಿಯ ಎಣ್ಣೆ ತೊಟ್ಟಿ, ಬಹಳ ಆಳ, ಸಿಲ್ವಿಯಾದಂತ ತಗ್ಗಿನ ಗಾಡೀಲಿ ಎಂಜಿನ್ ಕೆಳಗೆ ಅಡ್ಡ ಇರೋ ಕ್ರಾಸ್‌ಮೆಂಬರ್‌ಗೆ ತಾಗದೇ ನೆಲಕ್ಕೂ ತಾಗದೇ ಇರ್ಬೇಕು ಅಂದ್ರೆ ಕಮಾರೋ ಕಾರಿನ ಗಿಡ್ಡ ಸಂಪೋ ಸ್ವಾಪಿಗೆ ಅಂತಾನೇ ಮಾಡಿದ ಸಂಪೋ ಹುಡುಕ್ಬೇಕು. ಅರ್ಧ ರೇಟಲ್ಲಿ ಉಳಿಸಿದ್ದು ಅಲ್ಲಿ ಹೋಯ್ತು.

ಎಸ್ಆರ್20 ಇಟ್ಕೊಂಡು ಪವರ್ ಏರಿಸೋದೇ ಬೆಟರ್ ಅಲ್ವಾ, ಹಗುರ ಇದೆಯಲ್ಲ?

ಒಂದು ಮಟ್ಟದ ತನಕ ಖಂಡಿತ ಬೆಟರ್. ಬ್ಲಾಕ್ ಅಲ್ಯೂಮಿನಿಯಂ, ಗಾಡಿ ಹುಟ್ಟಿದ್ದೇ ಅದಕ್ಕೆ, ಮೌಂಟು ವೈರಿಂಗು ಏನೂ ತಲೆನೋವಿಲ್ಲ. 300-350 ಹಾರ್ಸ್‌ಪವರ್ ಆಸುಪಾಸಲ್ಲಿ ಗಾಡಿ ಎಷ್ಟು ಚುರುಕು ಇರುತ್ತೆ ಅಂದ್ರೆ ಎಲ್ಎಸ್ ಹಾಕಿದ ಸ್ನೇಹಿತರು ಕೂಡ ಸ್ಟೀರಿಂಗ್ ಹಿಡಿದು ಹೊಟ್ಟೆಕಿಚ್ಚು ಪಡ್ತಾರೆ. ಅಲ್ಲಿಂದ ಮೇಲೆ ಹೋಗೋಕೆ ಹೊರಟ್ರೆ ದೊಡ್ಡ ಟರ್ಬೋ ಬೇಕು, ಅದು ತಡವಾಗಿ ಏಳುತ್ತೆ, ಕಮ್ಮಿ ಆರ್‌ಪಿಎಮ್ಮಲ್ಲಿ ಟಾರ್ಕ್ ಇರಲ್ಲ, ರಾಕರ್ ಆರ್ಮ್ ಕಳಚಿ ಬೀಳೋ ಹಳೇ ಕಾಯಿಲೆ ಬೇರೆ ಇದೆ ಇದಕ್ಕೆ.

ಆರ್‌ಬಿ25 ಹಾಕಿದ್ರೆ ನಿಸ್ಸಾನ್‌ಗೆ ನಿಸ್ಸಾನೇ ಆಯ್ತಲ್ಲ?

ಭಾವನೆಗೆ ಸರಿ. ತೂಕಕ್ಕೆ ಬಂದ್ರೆ 2ಜೆಝಡ್‌ಗೆ ಹೇಳಿದ್ದೆಲ್ಲಾ ಇದಕ್ಕೂ ಅನ್ವಯ, ಅದೇ ಸಾಲು ಆರು ಸಿಲಿಂಡರ್, ಅದೇ ಬೀಡಿನ ಬ್ಲಾಕು, ಸಾಮರ್ಥ್ಯ ಮಾತ್ರ ಅರ್ಧ ಲೀಟರ್ ಕಮ್ಮಿ. ಸೌಂಡ್ ಬೇಕು ಅನ್ನೋರು ಹಾಕ್ಲಿ, ನಾನು ಬೇಡ ಅನ್ನಲ್ಲ.

ಆರ್‌ಎಕ್ಸ್‌7ರ ರೋಟರಿ ಇಷ್ಟು ಪುಟ್ಟದು, ಎಲ್ರೂ ಅದನ್ನೇ ಯಾಕೆ ಹಾಕಲ್ಲ?

ತೂಕದ ದೃಷ್ಟಿಯಿಂದ ನೋಡಿದ್ರೆ ಮಾಜ್ದಾದ ಈ 13ಬಿ ರೋಟರಿ, ಅಂದ್ರೆ ಪಿಸ್ಟನ್ ಬದಲು ತ್ರಿಕೋನದ ರೋಟರ್ ತಿರುಗೋ ಎಂಜಿನ್, ದೇವರು ಕೊಟ್ಟ ವರ. ಗಿಡ್ಡ, ತಗ್ಗು, ಮುಂದಿನ ಚಕ್ರದ ಗೆರೆಯಿಂದ ಹಿಂದಕ್ಕೆ ಸರಿಸಿ ಕೂರಿಸ್ಬಹುದು, ಎಫ್‌ಡಿ ಆರ್‌ಎಕ್ಸ್‌7 ಹೆಚ್ಚುಕಮ್ಮಿ 50:50 ಬಂದಿದ್ದೇ ಅದರಿಂದ. ಆದ್ರೆ ಡ್ರಿಫ್ಟಲ್ಲಿ ಎಂಜಿನ್ ಇಡೀ ಓಟ ರೆಡ್‌ಲೈನ್ ಹತ್ರಾನೇ ಅರಚ್ತಿರುತ್ತೆ, ಗಾಡಿ ಅಡ್ಡ ಹೋಗ್ತಿರೋದ್ರಿಂದ ರೇಡಿಯೇಟರಿಗೆ ನೇರ ಗಾಳಿ ಸಿಗಲ್ಲ, ರೋಟರಿಗೆ ಶಾಖ ಆಗ್ಬರಲ್ಲ. ರೋಟರ್ ತುದಿಯ ಅಪೆಕ್ಸ್ ಸೀಲ್ ಹೋದ್ರೆ ಎಂಜಿನ್ ಬಿಚ್ಚಲೇಬೇಕು. ನ್ಯೂಜಿಲೆಂಡಿನ ಮ್ಯಾಡ್ ಮೈಕ್ ತರದ ಡ್ರಿಫ್ಟ್ ಡ್ರೈವರ್‌ಗಳು ನಾಲ್ಕು ರೋಟರ್ ಹಾಕಿ ಆಡ್ತಾರೆ, ಅವರ ಹಿಂದೆ ದೊಡ್ಡ ಟೀಮ್ ಇದೆ. ವಾರಾಂತ್ಯಕ್ಕೆ ಒಬ್ರೇ ಸ್ಪ್ಯಾನರ್ ಹಿಡಿಯೋರಿಗೆ ನಾನು ಹೇಳಲ್ಲ.

ಎಇ86 ಇದೆ, ದೊಡ್ಡ ಎಂಜಿನ್ ಹಾಕಿದ್ರೆ ಹೇಗಿರುತ್ತೆ?

ಹಾಳಾಗುತ್ತೆ. ಆ ಹಳೇ ಟೊಯೋಟ ಗಾಡಿ ಇರೋದೇ 940 ಕೆಜಿ ಸುತ್ತಮುತ್ತ, ಅದರ ಮಜಾ ಎಲ್ಲಾ ಆ ಹಗುರದಲ್ಲೇ ಇದೆ. ಮುಂದೆ 53 ಪರ್ಸೆಂಟ್ ಅಂತ ಇಟ್ಕೊಂಡು 60 ಕೆಜಿ ಮುಂದಿನ ಆಕ್ಸಲ್ ಮೇಲೆ ಹೇರಿದ್ರೆ ಸೀದಾ 56ರ ಹತ್ರ ಹೋಗುತ್ತೆ, ಭಾರದ ಗಾಡಿಗೆ ಅದೇ 60 ಕೆಜಿ ಅಷ್ಟು ಏಟು ಕೊಡಲ್ಲ. ಇದಕ್ಕೆ ಅಲ್ಯೂಮಿನಿಯಂ ನಾಲ್ಕು ಸಿಲಿಂಡರ್ರೇ ಸರಿ: ಹೋಂಡಾ ಎಸ್2000ರ ಎಫ್20ಸಿ ಅಂದ್ರೆ ಟರ್ಬೋ ಇಲ್ದೆ 240 ಹಾರ್ಸ್‌ಪವರ್, ಹುಟ್ಟಾ ಉದ್ದಕ್ಕೆ ಕೂರೋ ಎಂಜಿನ್. ಹೋಂಡಾದ್ದೇ ಕೆ24 ಕೂಡ ಹಗುರ, ಆದ್ರೆ ಅದು ಅಡ್ಡಡ್ಡ ಕೂರೋ ಎಂಜಿನ್, ಉದ್ದಕ್ಕೆ ತಿರುಗ್ಸೋಕೆ ಗೇರ್‌ಬಾಕ್ಸ್ ಅಡಾಪ್ಟರು, ಬೇರೆ ಸಂಪು, ನೀರಿನ ಪೈಪು ಅಂತ ಬೇರೆ ಕೆಲಸ ಇದೆ.

ದುಬೈಲಿದೀನಿ, ಇಲ್ಲಿ ಇ36, ಇ46 ಅಗ್ಗ, ಅದಕ್ಕೇನು ಹಾಕೋದು?

ವ್ಹೀಲ್‌ಬೇಸ್ (ಮುಂದಿನ ಆಕ್ಸಲ್‌ನಿಂದ ಹಿಂದಿನ ಆಕ್ಸಲ್‌ಗಿರೋ ದೂರ) ಉದ್ದ ಇರೋದು ನಿಮ್ಮ ಪುಣ್ಯ, ಇ36 ಅಂದ್ರೆ 2700 ಮಿ.ಮೀ, ಇ46 ಅಂದ್ರೆ 2725, ಎಸ್13ರದ್ದು ಬರೀ 2475. ಉದ್ದ ಗಾಡಿ ನಿಧಾನವಾಗಿ ಜಾರುತ್ತೆ, ಸಿಗ್ನಲ್ ಕೊಟ್ಟು ಜಾರುತ್ತೆ, ಹೊಸಬರಿಗೆ ಹಿಡಿಯೋಕೆ ಟೈಮ್ ಸಿಗುತ್ತೆ. ಮೊದಲೇ ಸಾಲು ಆರು ಸಿಲಿಂಡರಿಗೆ ಮಾಡಿದ ಬಾನೆಟ್ ಆಗಿರೋದ್ರಿಂದ 2ಜೆಝಡ್ ಕೂಡ ಸಿಲ್ವಿಯಾಕ್ಕಿಂತ ಚೆನ್ನಾಗಿ ಹಿಂದಕ್ಕೆ ಕೂರುತ್ತೆ. ಶಾರ್ಜಾದ ಹಳೇ ಪಾರ್ಟ್ಸ್ ಮಾರ್ಕೆಟಲ್ಲಿ ಲೆಕ್ಸಸ್ 1ಯುಝಡ್ ಹುಡುಕಿದ್ರೆ ಸಿಗುತ್ತೆ, ತೂಕಕ್ಕೂ ಕಾಸಿಗೂ ಸರಿಯಾಗುತ್ತೆ, ಪವರ್ ಮಾತ್ರ ಎಲ್ಎಸ್ ಅಷ್ಟು ಇಲ್ಲ. ಎಂಜಿನ್ ಜೊತೆ ವೈರಿಂಗ್, ಇಸಿಯು (ಎಂಜಿನ್ ಕಂಪ್ಯೂಟರ್), ಗೇರ್‌ಬಾಕ್ಸ್ ಎಲ್ಲಾ ಬರೋ, ಮುಂದಿನರ್ಧ ಕತ್ತರಿಸಿ ಮಾರೋ ಗಾಡಿ ಅಂದ್ರೆ ಹಾಫ್‌ಕಟ್ ಸಿಕ್ರೆ ಅದನ್ನೇ ತಗೊಳ್ಳಿ. ಮತ್ತೆ ಅಲ್ಲಿ ಬೇಸಿಗೆಗೆ ಕೂಲಿಂಗೇ ಮೊದಲ ಪ್ರಶ್ನೆ, ತೂಕ ಎರಡನೇದು.

ಬೆಂಗಳೂರಲ್ಲಿ ಕಾಂಟೆಸಾ ಇದೆ ಗುರು, ಇಲ್ಲಾಂದ್ರೆ ಹಳೇ ಇ90 ತಗೊಳ್ಲಾ?

ಬಿಎಂಡಬ್ಲ್ಯು ಇ90. ಕಾಂಟೆಸಾ ನೋಡೋಕೆ ಚೆಂದ, ಹಿಂದಿನ ಚಕ್ರಕ್ಕೆ ಪವರ್ರು, ಒಪ್ತೀನಿ, ಆದ್ರೆ ಹಿಂದೆ ಒಂದೇ ಗಟ್ಟಿ ಆಕ್ಸಲ್, ಹಳೇ ಸ್ಟೀರಿಂಗು, ಬ್ರೇಕು, ಎಂಜಿನ್ ಒಂದು ಬದಲಾಯಿಸಿದ್ರೆ ಸುತ್ತಲಿದ್ದಿದ್ದೆಲ್ಲಾ ಬದಲಾಯಿಸ್ಬೇಕು. ಇ90 325ಐ ಸಿಕ್ರೆ ಅದರ ಎನ್52 ಬ್ಲಾಕ್ ಮೆಗ್ನೀಷಿಯಂ-ಅಲ್ಯೂಮಿನಿಯಂ, ಇಷ್ಟು ಹಗುರದ ಆರು ಸಿಲಿಂಡರ್ ತೆಗೆದು ಬೇರೇನೋ ಹಾಕೋದು ಹುಚ್ಚು. ಇಲ್ಲಿ ಸಿಗೋದು ಬಹುಪಾಲು ಆಟೋಮ್ಯಾಟಿಕ್, ದುಡ್ಡನ್ನ ಮ್ಯಾನುಯಲ್ ಗೇರ್‌ಬಾಕ್ಸಿಗೆ, ಡಿಫರೆನ್ಷಿಯಲ್‌ಗೆ ಹಾಕಿ.

## ಲೆಕ್ಕ ಮತ್ತೆ ಜಾಗ

ಸ್ವಾಪ್ ಮಾಡೋಕೆ ಮುಂಚೇನೇ ಎಷ್ಟು ಪರ್ಸೆಂಟ್ ಬದಲಾಗುತ್ತೆ ಅಂತ ಗೊತ್ತಾಗುತ್ತಾ?

ಹೈಸ್ಕೂಲ್ ಗಣಿತ ಸಾಕು. ಸೇರ್ಸಿದ ತೂಕ ಹಿಂದಿನ ಆಕ್ಸಲ್‌ನಿಂದ ಎಷ್ಟು ದೂರ ಇದೆ ಅನ್ನೋದನ್ನ ವ್ಹೀಲ್‌ಬೇಸಿಂದ ಭಾಗಿಸಿ ಆ ತೂಕಕ್ಕೆ ಗುಣಿಸಿದ್ರೆ ಮುಂದಿನ ಚಕ್ರಗಳ ಮೇಲೆ ಬೀಳೋ ಪಾಲು ಸಿಗುತ್ತೆ.

ಎಸ್14 ತಗೊಳ್ಳಿ, ವ್ಹೀಲ್‌ಬೇಸ್ 2525 ಮಿ.ಮೀ. ಗಾಡಿ 1250 ಕೆಜಿ, ಮುಂದೆ 55 ಪರ್ಸೆಂಟ್ ಅಂತಿಟ್ಕೊಂಡ್ರೆ ಮುಂದೆ 688, ಹಿಂದೆ 562. ಹೊಸ ಎಂಜಿನ್ನಿಂದ 60 ಕೆಜಿ ಜಾಸ್ತಿ ಆಯ್ತು, ಆ ಹೆಚ್ಚುವರಿ ತೂಕದ ನಡುಬಿಂದು ಮುಂದಿನ ಆಕ್ಸಲ್‌ನಿಂದ 150 ಮಿ.ಮೀ ಹಿಂದಿದೆ ಅನ್ಕೊಳ್ಳಿ. 2375ನ್ನ 2525ರಿಂದ ಭಾಗಿಸಿ 60ಕ್ಕೆ ಗುಣಿಸಿದ್ರೆ 56 ಕೆಜಿ ಚಿಲ್ಲರೆ ಮುಂದೆ ಬಿತ್ತು, ಉಳಿದಿದ್ದು ಹಿಂದೆ. ಈಗ ಮುಂದೆ 744, ಒಟ್ಟು 1310, ಅಂದ್ರೆ 56.8 ಪರ್ಸೆಂಟ್. 60 ಕೆಜಿ ಅಂತ ಊರೆಲ್ಲಾ ಬಾಯಿ ಬಡ್ಕೊಂಡಿದ್ದಕ್ಕೆ ಬದಲಾಗಿದ್ದು ಎರಡು ಪರ್ಸೆಂಟ್‌ಗಿಂತ ಕಮ್ಮಿ. ನನ್ನ ತಕರಾರು ಇದೇ, ಜನ ಎಂಜಿನ್ ತೂಕದ ಪಟ್ಟಿ ಹಿಡ್ಕೊಂಡು ಜಗಳ ಆಡ್ತಾರೆ, ಆ ತೂಕ ಗಾಡೀಲಿ ಎಲ್ಲಿ ಕೂರುತ್ತೆ ಅಂತ ಟೇಪ್ ಹಿಡಿದು ಯಾರೂ ಅಳೆಯಲ್ಲ.

ಫೈರ್‌ವಾಲ್ ಕತ್ತರಿಸಿ ಎಂಜಿನ್ ಹಿಂದಕ್ಕೆ ತಳ್ಳಿದ್ರೆ ಎಲ್ಲಾ ಸರಿಹೋಗುತ್ತಾ?

ಮೇಲಿನ ಲೆಕ್ಕಾನೇ ಹಾಕಿ ನೋಡೋಣ. 220 ಕೆಜಿ ಎಂಜಿನ್ 50 ಮಿ.ಮೀ ಹಿಂದಕ್ಕೆ ಹೋದ್ರೆ ಮುಂದಿಂದ ಹಿಂದಕ್ಕೆ ದಾಟೋದು 4 ಕೆಜಿ ಸ್ವಲ್ಪ ಜಾಸ್ತಿ, ಅಷ್ಟೇ. 100 ಮಿ.ಮೀ ತಳ್ಳಿದ್ರೂ 9 ಆಗಲ್ಲ. ಅದಕ್ಕೋಸ್ಕರ ಎಂಜಿನ್ ಕೋಣೆಗೂ ಕ್ಯಾಬಿನ್ನಿಗೂ ಮಧ್ಯದ ಗೋಡೆ ಅಂದ್ರೆ ಫೈರ್‌ವಾಲ್ ಕತ್ತರಿಸ್ಬೇಕು, ಹೀಟರ್ ತೆಗೀಬೇಕು, ಗೇರ್ ಲಿವರ್ ಹಿಂದಕ್ಕೆ ಬಂದು ಮೊಣಕೈಗೆ ತಾಗುತ್ತೆ, ಪ್ರೊಪೆಲ್ಲರ್ ಶಾಫ್ಟ್ ಗಿಡ್ಡ ಮಾಡಿಸ್ಬೇಕು, ಪೆಡಲ್ ಹತ್ರ ಶಾಖ ಬರುತ್ತೆ. ಕೆಲವು ಸ್ಪರ್ಧೆಗಳಲ್ಲಿ ಎಷ್ಟು ಕತ್ತರಿಸ್ಬಹುದು ಅನ್ನೋದಕ್ಕೂ ರೂಲ್ಸ್ ಇದೆ, ಮೊದಲೇ ಓದ್ಕೊಳ್ಳಿ.

ಹಾಗಾದ್ರೆ ದೊಡ್ಡೋರು ಯಾಕೆ ತಳ್ತಾರೆ? ತಕ್ಕಡಿ ನಂಬರಿಗಿಂತ ಗಾಡಿ ತಿರುಗೋ ಚುರುಕಿಗೆ. ಕಾವಡಿ ಹೊತ್ತೋನು ಎರಡು ಕೊಡ ತುದೀಲಿ ಇದ್ರೆ ಗಕ್ಕನೆ ತಿರುಗೋಕಾಗಲ್ಲ, ಅವೇ ಕೊಡಗಳನ್ನ ಹೆಗಲ ಹತ್ರ ಎಳ್ಕೊಂಡ್ರೆ ತಿರುಗಬಹುದು, ಭಾರ ಮಾತ್ರ ಅಷ್ಟೇ ಇದೆ. ಗಾಡೀಲೂ ಹಾಗೇ, ನಡುವಿನಿಂದ ದೂರ ಎರಡರಷ್ಟಾದ್ರೆ ತಿರುಗೋಕೆ ಒಡ್ಡೋ ವಿರೋಧ ನಾಲ್ಕರಷ್ಟಾಗುತ್ತೆ. ನಾನಾದ್ರೆ ಕತ್ತರಿಸದೇ ಸುತ್ತಿಗೇಲಿ ಸ್ವಲ್ಪ ಬಡಿದು ಎಷ್ಟು ಹಿಂದಕ್ಕೆ ಬರುತ್ತೋ ಅಷ್ಟಕ್ಕೆ ನಿಲ್ಲಿಸ್ತೀನಿ.

ಬ್ಯಾಟರಿ ಡಿಕ್ಕಿಗೆ, ರೇಡಿಯೇಟರ್ ಹಿಂದಕ್ಕೆ ಅಂತಾರಲ್ಲ, ಅದರಿಂದ ಲಾಭ ಇದೆಯಾ ಶೋಕಿನಾ?

ಲಾಭ ಇದೆ, ಎಂಜಿನ್ ತಳ್ಳೋದಕ್ಕಿಂತ ಜಾಸ್ತಿ ಇದೆ. 15 ಕೆಜಿ ಬ್ಯಾಟರಿ ಎಂಜಿನ್ ಕೋಣೆಯಿಂದ 2.4 ಮೀಟರ್ ಹಿಂದಕ್ಕೆ ಹೋದ್ರೆ 14 ಕೆಜಿ ಮುಂದಿಂದ ಹಿಂದಕ್ಕೆ ದಾಟಿತು, ಖರ್ಚು ಒಂದು ದಪ್ಪ ಕೇಬಲ್ಲು, ಪೆಟ್ಟಿಗೆ, ಕಟಾಫ್ ಸ್ವಿಚ್ಚು. ರೇಡಿಯೇಟರ್, ಫ್ಯಾನ್, ನೀರು ಸೇರಿ 18 ಕೆಜಿ ಅಂತಿಟ್ಟು ಮೂರೂವರೆ ಮೀಟರ್ ಹಿಂದಕ್ಕೆ ಕಳಿಸಿದ್ರೆ ಇನ್ನೊಂದು 25 ಕೆಜಿ. ಮೇಲಿನ ಲೆಕ್ಕದ 744 ಈಗ 705 ಆಯ್ತು, ಅಂದ್ರೆ 53.8 ಪರ್ಸೆಂಟ್, ಕಂಪನಿ ಗಾಡಿಗಿಂತ ಒಳ್ಳೇದಾಯ್ತು, ಅದೂ 60 ಕೆಜಿ ಹೆಚ್ಚು ಭಾರದ ಎಂಜಿನ್ ಇಟ್ಕೊಂಡು.

ಮುಂದೆ ಮೂತಿಯಲ್ಲಿ ರೇಡಿಯೇಟರ್ ಇಲ್ದಿದ್ರೆ ಇನ್ನೊಂದು ಅನುಕೂಲ, ಮೂತಿ ಗೋಡೆಗೆ ತಾಗಿದ್ರೂ ನೀರು ಸೋರಿ ಅವತ್ತಿನ ಓಟ ಮುಗಿಯಲ್ಲ. ತೊಂದರೆ ಏನಂದ್ರೆ ಉದ್ದದ ಪೈಪು, ಅದರೊಳಗಿನ ನೀರು ಇವೂ ಕೆಲವು ಕೆಜಿ ತೂಗ್ತವೆ, ಗಾಳಿ ಗುಳ್ಳೆ ತೆಗೆಯೋದು ತಲೆನೋವು, ಗಾಳಿ ಒಳಗೆ ಬರೋಕೆ ಹೋಗೋಕೆ ಸರಿಯಾದ ದಾರಿ ಮಾಡ್ಬೇಕು. ಕುದಿಯೋ ನೀರಿನ ಪೈಪ್ ಡ್ರೈವರ್ ಪಕ್ಕದಲ್ಲೇ ಹಾದುಹೋಗೋದಾದ್ರೆ ಅಲ್ಲಿ ಅಲ್ಯೂಮಿನಿಯಂ ಪೈಪು, ಅದರ ಮೇಲೆ ಮುಚ್ಚು ಇರ್ಲೇಬೇಕು, ಬರೀ ರಬ್ಬರ್ ಹೋಸ್ ಎಳೆದಿರೋ ಗಾಡೀಲಿ ನಾನು ಕೂರಲ್ಲ. ಕಾವಡಿ ಲೆಕ್ಕ ಇಲ್ಲೂ ಇದೆ, ಎಲ್ಲಾನೂ ಹಿಂದಿನ ಬಂಪರಿಗೆ ತುರುಕಬೇಡಿ, ಆದಷ್ಟು ಹಿಂದಿನ ಆಕ್ಸಲ್ ಮೇಲೇ ಕೂರ್ಸಿ.

ಎಂಜಿನ್ ಎಷ್ಟು ಕೆಳಗೆ ಕೂರಬೇಕು?

ಸಂಪ್ ಕ್ರಾಸ್‌ಮೆಂಬರ್‌ಗಿಂತ ಕೆಳಗೆ ನೇತಾಡಬಾರದು, ಅದಕ್ಕಿಂತ ಮೇಲೆ ಎಷ್ಟು ತಗ್ಗಾಗುತ್ತೋ ಅಷ್ಟು ತಗ್ಗು. ಟ್ರ್ಯಾಕಿನ ಕರ್ಬ್ ಮೇಲೆ ಗಾಡಿ ಹತ್ತಿ ಇಳಿಯೋವಾಗ ಸಂಪ್ ತಾಗಿದ್ರೆ ಎಣ್ಣೆ ಜೊತೆ ಎಂಜಿನ್ನೂ ಹೋಯ್ತು. ಸಂಪಿನ ಆಳದ ಭಾಗ ಮುಂದಿದೆಯೋ ಹಿಂದಿದೆಯೋ ಅನ್ನೋದು ಎಂಜಿನ್ ಎಷ್ಟು ಹಿಂದಕ್ಕೆ ಎಷ್ಟು ಕೆಳಗೆ ಕೂರುತ್ತೆ ಅನ್ನೋದನ್ನ ತೀರ್ಮಾನ ಮಾಡುತ್ತೆ, ಜೆಝಡ್ ಎಂಜಿನ್ನಿಗೆ ಬೇರೆ ಬೇರೆ ಟೊಯೋಟ ಗಾಡೀಲಿ ಬೇರೆ ಬೇರೆ ಸಂಪ್ ಬಂದಿದೆ, ಎಂಜಿನ್ ಕೊಳ್ಳೋವಾಗ ಕೆಳಗೆ ಬಗ್ಗಿ ನೋಡಿ. ಇನ್ನೊಂದು ಜಾಗ ಯಾರೂ ಅಳೆಯಲ್ಲ: ಮುಂದಿನ ಚಕ್ರ ಇನ್ನೂ ಜಾಸ್ತಿ ತಿರುಗೋ ಹಾಗೆ ಮಾಡೋ ಆ್ಯಂಗಲ್ ಕಿಟ್ ಹಾಕಿದ್ಮೇಲೆ ಸ್ಟೀರಿಂಗ್ ಪೂರ್ತಿ ಲಾಕ್ ಮಾಡಿ, ಸಸ್ಪೆನ್ಷನ್ ಒತ್ತಿ, ಎಕ್ಸಾಸ್ಟ್ ಮ್ಯಾನಿಫೋಲ್ಡ್‌ಗೂ ಸ್ಟೀರಿಂಗ್ ಶಾಫ್ಟಿಗೂ ಮಧ್ಯ ಬೆರಳು ಹೋಗುತ್ತಾ ನೋಡಿ. ವಿ8ಗೆ ಎರಡೂ ಕಡೆ ಮ್ಯಾನಿಫೋಲ್ಡ್ ಇರೋದ್ರಿಂದ ಸ್ಟೀರಿಂಗ್ ಎಡಗಡೆ ಇದ್ರೂ ಬಲಗಡೆ ಇದ್ರೂ ಈ ಇಕ್ಕಟ್ಟು ತಪ್ಪಲ್ಲ.

## ಸ್ವಲ್ಪ ಮುಂದುವರಿದೋರಿಗೆ

ಗೇರ್‌ಬಾಕ್ಸ್ ತೂಕ ಲೆಕ್ಕಕ್ಕೆ ತಗೋಬೇಕಾ?

ತಗೋಬೇಕು, ಆದ್ರೆ ಹೆದರ್ಬೇಡಿ. ಎಲ್ಎಸ್ ಜೊತೆ ಬರೋ ಟಿ56 ಆರು ಗೇರಿನ ಡಬ್ಬ ಸಿಲ್ವಿಯಾದ ಮೂಲ ಐದು ಗೇರಿಗಿಂತ ಚೆನ್ನಾಗೇ ಭಾರ, ಆದ್ರೆ ಅದು ಕೂರೋದು ಗಾಡಿ ನಡುವಿಗೆ ಹತ್ರ, ಹಾಗಾಗಿ ಅದರ ಒಳ್ಳೇ ಪಾಲು ಹಿಂದಿನ ಚಕ್ರಕ್ಕೂ ಹೋಗುತ್ತೆ, ತಿರುಗೋ ಚುರುಕನ್ನೂ ಅಷ್ಟಾಗಿ ಕೆಡಿಸಲ್ಲ. ನಿಸ್ಸಾನ್ 350ಝಡ್‌ನ ಸಿಡಿ009 ಗೇರ್‌ಬಾಕ್ಸಿಗೆ ಜೆಝಡ್, ಎಲ್ಎಸ್ ಎರಡಕ್ಕೂ ಅಡಾಪ್ಟರ್ ಸಿಗುತ್ತೆ, ಗಟ್ಟಿಯಾಗೂ ಇದೆ. ನನ್ನ ಪ್ರಕಾರ ಗೇರ್‌ಬಾಕ್ಸ್ ಯಾವುದು ಸಿಗುತ್ತೆ ಅಂತ ಮೊದಲು ನೋಡಿ, ಆಮೇಲೆ ಎಂಜಿನ್ ಹುಡುಕಿ. ಡ್ರಿಫ್ಟಲ್ಲಿ ಕ್ಲಚ್ ಕಿಕ್ಕಿಗೆ ಮೊದಲು ಸಾಯೋದು ಗೇರ್‌ಬಾಕ್ಸೇ.

ಬಜೆಟ್ ಇಷ್ಟೇ ಇದೆ, ಎಂಜಿನ್ನಿಗೇ ಎಲ್ಲಾ ಹೋಗುತ್ತೆ, ಪರವಾಗಿಲ್ವಾ?

ಪರವಾಗಿಲ್ಲ ಅನ್ನೋಕಾಗಲ್ಲ. ಎಂಜಿನ್ ಬೆಲೆ ಅನ್ನೋದು ಮದುವೆ ಛತ್ರದ ಬಾಡಿಗೆ ಇದ್ದ ಹಾಗೆ, ಊಟದ ಬಿಲ್ಲು ಇನ್ನೂ ಬರಬೇಕು ಅನ್ನೋದು ಜನಕ್ಕೆ ಹೊಳೆಯಲ್ಲ. ಮೌಂಟು, ಸಂಪು, ಕ್ಲಚ್ಚು, ಪ್ರೊಪೆಲ್ಲರ್ ಶಾಫ್ಟು, ವೈರಿಂಗು, ಇಸಿಯು, ಟ್ಯೂನಿಂಗು, ಫ್ಯೂಯಲ್ ಪಂಪು, ರೇಡಿಯೇಟರು, ಡಿಫರೆನ್ಷಿಯಲ್ಲು, ಬ್ರೇಕು. ಪಟ್ಟಿ ಬರೆದು ಪ್ರತಿ ಸಾಲಿನ ಮುಂದೆ ರೇಟ್ ಹಾಕಿ, ಟೈರಿಗೆ ಅಂತ ಬೇರೆ ಎತ್ತಿಡಿ, ಆಮೇಲೂ ಎಂಜಿನ್ನಿಗೆ ಉಳಿದ್ರೆ ಸ್ವಾಪ್. ಅರ್ಧಕ್ಕೆ ನಿಂತು ಶೆಡ್ಡಲ್ಲಿ ಧೂಳು ತಿಂತಿರೋ ಗಾಡಿಗಳನ್ನ ನೋಡಿದ್ರೆ ಹೊಟ್ಟೆ ಉರಿಯುತ್ತೆ.

ನಾಲ್ಕು ಸಿಲಿಂಡರಲ್ಲಿ ದೊಡ್ಡ ಲೆವೆಲ್ಲಲ್ಲಿ ಗೆದ್ದೋರಿದಾರಾ?

ಇದಾರೆ. ನಾರ್ವೆಯ ಫ್ರೆಡ್ರಿಕ್ ಆಸ್ಬೋ 2015ರಲ್ಲಿ ಫಾರ್ಮುಲಾ ಡ್ರಿಫ್ಟ್ ಚಾಂಪಿಯನ್ ಆಗಿದ್ದು ಸಯಾನ್ ಟಿಸಿ ಕಾರಲ್ಲಿ, ಎಂಜಿನ್ ಟೊಯೋಟದ ನಾಲ್ಕು ಸಿಲಿಂಡರ್ 2ಎಆರ್. ಮೂಲದಲ್ಲಿ ಮುಂದಿನ ಚಕ್ರಕ್ಕೆ ಪವರ್ ಹೋಗೋ ಗಾಡಿ ಅದು, ಅದನ್ನ ಹಿಂದಿನ ಚಕ್ರಕ್ಕೆ ಮಾಡಿದ್ರು. ಆಮೇಲೆ ಅವರೇ ಸುಪ್ರಾಗೆ 2ಜೆಝಡ್ ಹಾಕಿ ಗೆದ್ದಿದಾರೆ. ಎರಡೂ ತುದಿಯಲ್ಲಿ ಗೆದ್ದ ಒಬ್ಬನೇ ಮನುಷ್ಯನನ್ನ ನೋಡಿದ್ಮೇಲಾದ್ರೂ ಎಂಜಿನ್ ಜಾತಿ ಜಗಳ ನಿಲ್ಲಿಸಿ.

ಸ್ವಾಪ್ ಆಯ್ತು, ಸ್ಪ್ರಿಂಗ್ ಹಳೇದೇ ಇರ್ಲಾ?

ಮುಂದೆ ಭಾರ ಬದಲಾಗಿದ್ರೆ ಮೂತಿ ಎಷ್ಟು ಕುಸಿದಿದೆ ಅಂತ ಮೊದಲು ಅಳೆಯಿರಿ. ಜನ ಕಾಯಿಲೋವರ್ (ಎತ್ತರ ಹೊಂದಿಸೋಕಾಗೋ ಸ್ಪ್ರಿಂಗ್-ಡ್ಯಾಂಪರ್ ಜೋಡಿ) ತಿರುಗ್ಸಿ ಎತ್ತರ ಸರಿ ಮಾಡಿ ಬಿಡ್ತಾರೆ, ಎತ್ತರ ಬಂತು ಆದ್ರೆ ಸ್ಪ್ರಿಂಗ್ ಮೆತ್ತಗೇ ಇದೆ, ಎಡದಿಂದ ಬಲಕ್ಕೆ ಬದಲಾಯಿಸೋವಾಗ ಮೂತಿ ಅಲುಗಾಡ್ತಾನೇ ಇರುತ್ತೆ. ಮುಂದಿನ ಆಕ್ಸಲ್ ಭಾರ ಎಷ್ಟು ಪರ್ಸೆಂಟ್ ಏರಿದೆಯೋ ಸ್ಪ್ರಿಂಗ್ ರೇಟನ್ನೂ (ಅಂದ್ರೆ ಅದರ ಗಡಸು) ಸುಮಾರು ಅಷ್ಟೇ ಏರಿಸಿ ಶುರು ಮಾಡಿ, ಜೊತೆಗೆ ಡ್ಯಾಂಪರ್ ಒಂದೆರಡು ಕ್ಲಿಕ್. ಹಿಂದಿನದನ್ನ ಮುಟ್ಟೋಕೆ ಮುಂಚೆ ಒಂದು ದಿನ ಓಡ್ಸಿ ನೋಡಿ.

ಕಾರ್ನರ್ ವೇಟ್ ಹಾಕಿಸ್ತೀನಿ, ಏನೇನು ಗಮನಿಸ್ಬೇಕು?

ಕಾರ್ನರ್ ವೇಟ್ ಅಂದ್ರೆ ಒಂದೊಂದು ಚಕ್ರದಡಿ ಒಂದೊಂದು ತಕ್ಕಡಿ ಇಟ್ಟು ತೂಗೋದು. ನಾಲ್ಕು ತಕ್ಕಡಿ ಸಮತಟ್ಟಾಗಿರ್ಬೇಕು, ನೆಲ ಓರೆ ಇದ್ರೆ ಅಡಿಗೆ ತೆಳು ತಗಡು ಕೊಟ್ಟು ಮಟ್ಟಗೋಲು ಇಟ್ಟು ನೋಡಿ. ಡ್ರೈವರ್ ಸೀಟಲ್ಲಿ ನೀವೇ ಕೂತ್ಕೊಳ್ಳಿ, ಹೆಲ್ಮೆಟ್ ಸಮೇತ, ಇಲ್ಲಾ ನಿಮ್ಮಷ್ಟೇ ತೂಕದ ಮೂಟೆ ಇಡಿ. ಟ್ಯಾಂಕಲ್ಲಿ ನೀವು ಓಟಕ್ಕೆ ಹಾಕೋವಷ್ಟೇ ಪೆಟ್ರೋಲು, ಟೈರಿಗೆ ಓಟದ ಪ್ರೆಶರ್ರು, ಆ್ಯಂಟಿ ರೋಲ್ ಬಾರ್ ಲಿಂಕ್ ಒಂದು ಕಡೆ ಬಿಚ್ಚಿ. ಗಾಡಿನ ಮುಂದಕ್ಕೆ ಹಿಂದಕ್ಕೆ ಉರುಳಿಸಿ ಸಸ್ಪೆನ್ಷನ್ ಕೂತ್ಮೇಲೆ ಓದಿ.

ಮುಂದೆ ಎಡ 362, ಬಲ 350, ಹಿಂದೆ ಎಡ 302, ಬಲ 296 ಬಂತು ಅನ್ಕೊಳ್ಳಿ. ಒಟ್ಟು 1310, ಮುಂದೆ 712, ಅಂದ್ರೆ 54.4 ಪರ್ಸೆಂಟ್. ಮುಂದಿನ ಬಲ, ಹಿಂದಿನ ಎಡ ಕೂಡ್ಸಿದ್ರೆ 652, ಒಟ್ಟಿನ 49.8 ಪರ್ಸೆಂಟ್, ಇದು ಚೆನ್ನಾಗಿದೆ, ಎಡಕ್ಕೂ ಬಲಕ್ಕೂ ಗಾಡಿ ಒಂದೇ ತರ ಜಾರುತ್ತೆ. ಇದು 48ಕ್ಕೋ 52ಕ್ಕೋ ಹೋದ್ರೆ ಕಾಯಿಲೋವರ್ ಎತ್ತರದಿಂದ ಸರಿ ಮಾಡ್ಬಹುದು, ಒಂದು ಮೂಲೆ ಎತ್ತಿದ್ರೆ ಆ ಮೂಲೆಗೂ ಅದರ ಕರ್ಣದ ಎದುರು ಮೂಲೆಗೂ ಭಾರ ಏರುತ್ತೆ. ಆದ್ರೆ ಮುಂದೆ-ಹಿಂದೆ ಪರ್ಸೆಂಟ್, ಎಡ-ಬಲ ಪರ್ಸೆಂಟ್ ಎರಡನ್ನೂ ಕಾಯಿಲೋವರ್ ತಿರುಗ್ಸಿ ಬದಲಾಯ್ಸೋಕಾಗಲ್ಲ, ಅದಕ್ಕೆ ವಸ್ತುನೇ ಎತ್ತಿ ಬೇರೆ ಕಡೆ ಇಡ್ಬೇಕು. ಹಾಗಾಗಿ ಬ್ಯಾಟರಿ, ಫ್ಯೂಯಲ್ ಸೆಲ್ (ರೇಸ್ ಗಾಡಿಯ ಪೆಟ್ರೋಲ್ ಟ್ಯಾಂಕು), ಬೆಂಕಿ ಆರಿಸೋ ಸಿಲಿಂಡರ್ ಇವಕ್ಕೆ ಬ್ರ್ಯಾಕೆಟ್ ವೆಲ್ಡ್ ಮಾಡೋಕೆ ಮುಂಚೇನೇ ಗಾಡಿನ ತಕ್ಕಡಿಗೆ ಹತ್ತಿಸಿ, ಅವನ್ನ ಸುಮ್ನೆ ಆ ಜಾಗದಲ್ಲಿಟ್ಟು ನಂಬರ್ ನೋಡಿ, ಚಾಕ್‌ಪೀಸಲ್ಲಿ ಗುರುತು ಹಾಕಿ, ಆಮೇಲೆ ವೆಲ್ಡರ್‌ನ ಕರೀರಿ.